ಕ್ಲಚ್ಚಿನ ಸದ್ದು: ಬಿಚ್ಚುವ ಮೊದಲು ಕೇಳಿರಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೋಟಾರು ಗಾಡಿಯ ಕ್ಲಚ್ಚಿನ ವಿಷಯದಲ್ಲಿ ಈ ಗಾದೆ ಆಗಾಗ ನಿಜವಾಗುತ್ತದೆ. ಗಾಡಿ ಗುರುಗುಟ್ಟುತ್ತದೆ, "ಕ್ಲಚ್ ಹೋಗಿದೆ" ಎಂದು ಯಾರೋ ಹೇಳುತ್ತಾರೆ, ಗೇರ್‌ಬಾಕ್ಸು ಕೆಳಗಿಳಿಯುತ್ತದೆ, ಹೊಸ ಸಾಮಾನು ಹಾಕಿದ್ದಾಗುತ್ತದೆ. ಗಾಡಿ ಗ್ಯಾರೇಜಿನಿಂದ ಹೊರಬಂದ ಮೇಲೂ ಸದ್ದು ಹಾಗೆಯೇ ಇರುತ್ತದೆ. ಯಾಕೆಂದರೆ ಸದ್ದು ಮಾಡುತ್ತಿದ್ದುದು ಕ್ಲಚ್ಚಲ್ಲ, ಗೇರ್‌ಬಾಕ್ಸಿನೊಳಗಿನ ಬೇರೊಂದು ಬೇರಿಂಗು. ಖರ್ಚಾದ ಹಣ ಮಾತ್ರ ತಿರುಗಿ ಬರುವುದಿಲ್ಲ.

ವಾಳೂಜಿನಲ್ಲಿರುವ ನಮ್ಮವರಿಗೆ ಈ ವಿಷಯ ಹೊರಗಿನದಲ್ಲ. ಕೆಲವರು ಕಂತಿನ ಮೇಲೆ ಪಿಕಪ್ ತೆಗೆದುಕೊಂಡು ಬಾಡಿಗೆಗೆ ನಡೆಸುತ್ತಾರೆ. ಕೆಲವರು ಇನ್ನೊಬ್ಬರ ಗಾಡಿಗೆ ಸಂಬಳದ ಚಾಲಕರು. ಕೆಲವರು ಗುಮಾಸ್ತರು ಹಳೆಯ ಕಾರೊಂದನ್ನು ಕೊಂಡು ಹಬ್ಬಕ್ಕೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುತ್ತಾರೆ. ಪಿಕಪ್ಪಿನವನಿಗೆ ಗಾಡಿ ನಿಂತ ದಿನ ಗಳಿಕೆಯಿಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ. ಸಂಬಳದ ಚಾಲಕನಿಗಾದರೋ "ನೀನೇ ಕ್ಲಚ್ ಸುಟ್ಟೆ" ಎಂಬ ಮಾತು ಕೇಳುವ ಭಯ, ಸಂಬಳದಲ್ಲಿ ಮುರಿದುಕೊಳ್ಳುವ ಭಯ. ಆದುದರಿಂದ ಕ್ಲಚ್ಚಿನ ಸದ್ದು ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಗುರುತಿಸಬೇಕು, ರಿಲೀಸ್ ಬೇರಿಂಗು ಕೊಳ್ಳುವಾಗ ಏನನ್ನು ನೋಡಬೇಕು ಎಂಬ ಮೂರು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ. ಇದನ್ನು ಓದಿ ಯಾರೂ ಗೇರ್‌ಬಾಕ್ಸು ಇಳಿಸಲು ಹೋಗಬೇಕಾಗಿಲ್ಲ. ಇಳಿಸುವ ಮಿಸ್ತ್ರಿಯ ಜೊತೆ ತಿಳಿದು ಮಾತಾಡಲು ಬಂದರೆ ಸಾಕು.

ಇನ್ನೊಂದು ಮಾತು. ನಾವಿರುವುದೇ ಕ್ಲಚ್ಚು ತಯಾರಾಗುವ ಊರಿನಲ್ಲಿ. 1985ರಲ್ಲಿ ಇಲ್ಲಿ ಬಜಾಜ್ ಆಟೋ ಕಾರ್ಖಾನೆ ಆರಂಭವಾಯಿತು. ದ್ವಿಚಕ್ರ ವಾಹನಗಳಿಗೆ ಕ್ಲಚ್ ಮಾಡುವ ಎಂಡ್ಯೂರೆನ್ಸ್ ಕಂಪನಿಯ ಮುಖ್ಯ ಸ್ಥಾನವೂ ವಾಳೂಜೇ. ಸೂಜಿ ಬೇರಿಂಗುಗಳಿಗೆ ಹೆಸರಾದ ಎನ್.ಆರ್.ಬಿ. ಕಂಪನಿಯ ಕಾರ್ಖಾನೆಯೂ ಈ ವಸಾಹತಿನಲ್ಲಿದೆ. ಅತ್ತ ನಾಸಿಕ್‌ನಲ್ಲಿ ಮಹೀಂದ್ರಾ ಗಾಡಿಗಳು ತಯಾರಾಗುತ್ತವೆ. ಬೇರಿಂಗು, ಕ್ಲಚ್ ಪ್ಲೇಟುಗಳು ನಮ್ಮಲ್ಲಿ ಹಲವರ ಕೈಯಲ್ಲಿ ದಿನವೂ ಆಡುತ್ತವೆ. ಲೆಕ್ಕದ ಪುಸ್ತಕದಲ್ಲಿ ಅವುಗಳ ನಂಬರು ಬರೆಯುವವರೂ ನಾವೇ. ನಮ್ಮ ಗಾಡಿಯಲ್ಲಿ ಅದೇ ಸಾಮಾನು ಸದ್ದು ಮಾಡಿದಾಗ ಕಣ್ಣು ಮುಚ್ಚಿಕೊಂಡು ಹಣ ಕೊಡಬೇಕಾಗಿಲ್ಲ.

ಕ್ಲಚ್ಚಿನೊಳಗೆ ಏನಿದೆ?

ಎಂಜಿನಿನ ಹಿಂಭಾಗದಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರ ಸದಾ ತಿರುಗುತ್ತಿರುತ್ತದೆ. ಅದಕ್ಕೆ ಅಂಟಿಕೊಂಡಂತೆ ಕ್ಲಚ್ ಪ್ಲೇಟು. ಪ್ಲೇಟಿನ ಹಿಂದೆ ಅದನ್ನು ಫ್ಲೈವೀಲಿಗೆ ಅದುಮಿ ಹಿಡಿಯುವ ಪ್ರೆಶರ್ ಪ್ಲೇಟು. ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳಲ್ಲಿ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟು ಕೂತಿರುತ್ತದೆ. ಅದುಮು ಇರುವಷ್ಟು ಕಾಲ ಎಂಜಿನಿನ ಶಕ್ತಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಅದುಮು ಸಡಿಲವಾದರೆ ಪ್ಲೇಟು ಬಿಡುಗಡೆಯಾಗುತ್ತದೆ. ಆಗ ಗೇರು ಬದಲಿಸಬಹುದು.

ಈ ಅದುಮನ್ನು ಸಡಿಲಿಸುವುದೇ ರಿಲೀಸ್ ಬೇರಿಂಗಿನ ಕೆಲಸ. ಪ್ರೆಶರ್ ಪ್ಲೇಟಿನ ನಡುವೆ ಹೂವಿನ ಎಸಳುಗಳಂತೆ ಸ್ಪ್ರಿಂಗಿನ ಬೆರಳುಗಳಿರುತ್ತವೆ. ಅವು ಎಂಜಿನಿನ ವೇಗದಲ್ಲೇ ತಿರುಗುತ್ತವೆ. ನಾವು ಪೆಡಲು ಒತ್ತಿದಾಗ ಕೇಬಲ್ಲೋ ಎಣ್ಣೆಯ ಒತ್ತಡವೋ ಒಂದು ಫೋರ್ಕನ್ನು ತಳ್ಳುತ್ತದೆ. ಫೋರ್ಕು ಬೇರಿಂಗನ್ನು ತಳ್ಳುತ್ತದೆ. ಬೇರಿಂಗು ಬೆರಳುಗಳನ್ನು ಒತ್ತುತ್ತದೆ. ತಿರುಗದ ಫೋರ್ಕು ತಿರುಗುವ ಬೆರಳುಗಳನ್ನು ನೇರವಾಗಿ ಒತ್ತಿದರೆ ಎರಡೂ ಉಜ್ಜಿ ಸವೆದುಹೋಗುತ್ತವೆ. ಆದ್ದರಿಂದ ನಡುವೆ ಗುಂಡುಗಳುಳ್ಳ ಬೇರಿಂಗನ್ನಿಟ್ಟಿದ್ದಾರೆ. ಅದರ ಒಂದು ಬಳೆ ಸುಮ್ಮನಿದ್ದರೆ ಇನ್ನೊಂದು ಬಳೆ ಬೆರಳುಗಳ ಜೊತೆ ತಿರುಗುತ್ತದೆ.

ಈ ಸಣ್ಣ ಸಾಮಾನಿನ ದುಡಿಮೆಯನ್ನು ಲೆಕ್ಕ ಹಾಕಿ ನೋಡೋಣ. ಎಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿರಿ. ಸಿಗ್ನಲಿನಲ್ಲಿ 2 ನಿಮಿಷ ಪೆಡಲು ಒತ್ತಿಕೊಂಡೇ ನಿಂತರೆ ಬೇರಿಂಗು ಪೂರ್ತಿ ಭಾರ ಹೊತ್ತು 1,600 ಸುತ್ತು ತಿರುಗಿತು. ದಿನಕ್ಕೆ ಇಂಥ 10 ಸಿಗ್ನಲಾದರೆ 16,000 ಸುತ್ತು. ಗೇರನ್ನು ನ್ಯೂಟ್ರಲ್ ಮಾಡಿ ಕಾಲು ತೆಗೆದಿದ್ದರೆ ಈ ಭಾರವೇ ಅದರ ಮೇಲೆ ಬೀಳುತ್ತಿರಲಿಲ್ಲ.

ಇದೇ ಭಾಗದಲ್ಲಿ ಇನ್ನೆರಡು ಬೇರಿಂಗುಗಳಿವೆ, ಗೊಂದಲವಾಗುವುದು ಅಲ್ಲಿಯೇ. ಗೇರ್‌ಬಾಕ್ಸಿನ ಬಾಯಲ್ಲಿ ಇನ್‌ಪುಟ್ ಶಾಫ್ಟನ್ನು ಹೊರುವ ಬೇರಿಂಗು ಒಂದು. ಕೆಲವು ಗಾಡಿಗಳಲ್ಲಿ ಅದೇ ಶಾಫ್ಟಿನ ಮುಂದಿನ ತುದಿಯನ್ನು ಎಂಜಿನಿನ ಕ್ರ್ಯಾಂಕಿನ ಕುಳಿಯಲ್ಲಿ ಹಿಡಿದಿರುವ ಪೈಲಟ್ ಬೇರಿಂಗು ಇನ್ನೊಂದು. ಲಾರಿ, ಜೀಪು, ಪಿಕಪ್ಪುಗಳಂಥ ಹಿಂಚಕ್ರ ಚಾಲನೆಯ ಗಾಡಿಗಳಲ್ಲಿ ಪೈಲಟ್ ಬೇರಿಂಗು ಸಾಮಾನ್ಯ. ಮುಂಚಕ್ರಕ್ಕೆ ಚಾಲನೆ ಹೋಗುವ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ.

ಈ ಮೂರೂ ಸವೆದಾಗ ಮಾಡುವ ಸದ್ದು ಕಿವಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಆದರೆ ಮೂರೂ ತಿರುಗುವ ಸಮಯ ಬೇರೆ ಬೇರೆ. ನ್ಯೂಟ್ರಲಿನಲ್ಲಿ ಪೆಡಲು ಬಿಟ್ಟಿರುವಾಗ ಇನ್‌ಪುಟ್ ಶಾಫ್ಟು ತಿರುಗುತ್ತದೆ. ಆಗ ಗೇರ್‌ಬಾಕ್ಸಿನ ಬೇರಿಂಗು ಕೆಲಸದಲ್ಲಿರುತ್ತದೆ. ಪೆಡಲು ಒತ್ತಲು ತೊಡಗಿದಾಗ ರಿಲೀಸ್ ಬೇರಿಂಗಿನ ಮೇಲೆ ಭಾರ ಬೀಳುತ್ತದೆ. ಪೆಡಲು ಪೂರ್ತಿ ಒತ್ತಿದಾಗ ಶಾಫ್ಟು ನಿಂತು, ಕ್ರ್ಯಾಂಕು ಮಾತ್ರ ತಿರುಗುತ್ತಿರುತ್ತದೆ. ಆಗ ಪೈಲಟ್ ಬೇರಿಂಗಿಗೆ ಕೆಲಸ. ಆದುದರಿಂದ ಸದ್ದು ಹೇಗಿದೆ ಎಂದು ಕೇಳುವುದಕ್ಕಿಂತ ಸದ್ದು ಯಾವಾಗ ಬರುತ್ತದೆ ಎಂದು ಕೇಳುವುದು ಮುಖ್ಯ.

ಪರೀಕ್ಷೆಯ ಕ್ರಮ

ಗಾಡಿಯನ್ನು ಸಮತಟ್ಟಾದ, ಬಯಲಾದ ಜಾಗದಲ್ಲಿ ನಿಲ್ಲಿಸಿರಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನು ನಡೆಸಬಾರದು. ಹೊಗೆಯಲ್ಲಿರುವ ವಿಷಾನಿಲ ಪ್ರಾಣಕ್ಕೆ ಅಪಾಯ. ಕೈಬ್ರೇಕು ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿರಿ, ಗೇರು ನ್ಯೂಟ್ರಲಿನಲ್ಲಿರಲಿ. ಎಂಜಿನು ನಡೆಯುವಾಗ ಯಾರೂ ಗಾಡಿಯ ಕೆಳಗೆ ಹೋಗಬಾರದು. ಎ.ಸಿ., ಫ್ಯಾನು, ರೇಡಿಯೋ ಎಲ್ಲ ಬಂದ್ ಮಾಡಿರಿ. ಒಬ್ಬರು ಪೆಡಲಿನ ಹತ್ತಿರ ಕೂತು ಇನ್ನೊಬ್ಬರು ಹೊರಗೆ ನಿಂತು ಕೇಳಿದರೆ ಉತ್ತಮ.

ಮೊದಲನೆಯದು, ಎಂಜಿನು ನಿಲ್ಲಿಸಿ ಪೆಡಲನ್ನು ಮೆಲ್ಲಗೆ ಒತ್ತಿ ಬಿಡಿರಿ. ಕಿರ್ರೆಂಬ ಸದ್ದು ಈಗಲೇ ಬಂದರೆ ಅದು ತಿರುಗುವ ಯಾವ ಬೇರಿಂಗಿನದೂ ಅಲ್ಲ. ಪೆಡಲಿನ ಬುಶ್ ಒಣಗಿರಬಹುದು, ಕೇಬಲ್ ಜಂಗು ಹಿಡಿದಿರಬಹುದು, ಇಲ್ಲವೆ ಫೋರ್ಕು ಕೂತಿರುವ ಗುಂಡಿಯಲ್ಲಿ ಗ್ರೀಸ್ ಆರಿರಬಹುದು. ಇವುಗಳಲ್ಲಿ ಪೆಡಲಿನ ಬುಶ್ಶಿಗೂ ಕೇಬಲ್ಲಿಗೂ ಗೇರ್‌ಬಾಕ್ಸು ಇಳಿಸುವ ಅಗತ್ಯವಿಲ್ಲ.

ಎರಡನೆಯದು, ಎಂಜಿನು ಚಾಲೂ ಮಾಡಿ ಪೆಡಲಿನಿಂದ ಕಾಲು ಪೂರ್ತಿ ತೆಗೆದು ಕೇಳಿರಿ. ಸದ್ದು ಇದೆಯೋ ಇಲ್ಲವೋ ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ.

ಮೂರನೆಯದು, ಪೆಡಲಿನ ಮೇಲೆ ಕಾಲಿಟ್ಟು ಬಹಳ ಮೆಲ್ಲಗೆ, ಭಾರ ಸಿಗುವ ತನಕ ಮಾತ್ರ ಒತ್ತಿರಿ. ಮೊದಲು ಸದ್ದಿಲ್ಲದಿದ್ದು ಈಗ ಗರಗರ ಎಂದು ಶುರುವಾಗಿ, ಒತ್ತಿದಂತೆಲ್ಲ ಹೆಚ್ಚುತ್ತ ಹೋದರೆ ಅದು ರಿಲೀಸ್ ಬೇರಿಂಗು. ಮೊದಲು ಚಿಲಿಪಿಲಿ ಸದ್ದಿದ್ದು, ಕಾಲು ಮುಟ್ಟಿಸಿದೊಡನೆ ನಿಂತರೆ ಅದೂ ಬೇರಿಂಗು ಮತ್ತು ಫೋರ್ಕಿನ ಕಡೆಯದೇ. ಬೇರಿಂಗು ಬೆರಳುಗಳಿಗೆ ಸರಿಯಾಗಿ ತಾಗದೆ ಜಾರುತ್ತಿರುತ್ತದೆ, ಇಲ್ಲವೆ ಫೋರ್ಕು ಸಡಿಲಾಗಿ ನಡುಗುತ್ತಿರುತ್ತದೆ.

ನಾಲ್ಕನೆಯದು, ಪೆಡಲನ್ನು ತಳ ಮುಟ್ಟುವ ತನಕ ಒತ್ತಿ ನಾಲ್ಕೈದು ಸೆಕೆಂಡು ಹಿಡಿಯಿರಿ. ಕಾಲು ಬಿಟ್ಟಾಗ ಇದ್ದ ಗುಂಯ್ ಎಂಬ ಸದ್ದು ಈಗ ಪೂರ್ತಿ ನಿಂತು, ಪೆಡಲು ಬಿಟ್ಟೊಡನೆ ಮತ್ತೆ ಬಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗಿನ ಮೇಲೆ ಸಂಶಯ ಪಡಬೇಕು. ಸದ್ದು ಗುಂಯ್ ಎನ್ನದೆ ಕಟಕಟ ಎಂದು ಬಡಿಯುವಂತಿದ್ದರೆ ಕ್ಲಚ್ ಪ್ಲೇಟಿನ ನಡುವಿನ ಸಣ್ಣ ಸ್ಪ್ರಿಂಗುಗಳು ಸಡಿಲಾಗಿರುವುದೂ ಉಂಟು. ಗೇರ್‌ಬಾಕ್ಸಿನ ಎಣ್ಣೆ ಕಡಿಮೆಯಾಗಿದೆಯೇ ಎಂದು ಮೊದಲು ನೋಡಿಸಿರಿ. ಇದಕ್ಕೆ ಬದಲಾಗಿ, ಅರ್ಧ ಒತ್ತಿದಾಗ ಇರದ ಸದ್ದು ಪೂರ್ತಿ ಒತ್ತಿದಾಗ ಮಾತ್ರ ಬಂದರೆ ಪೈಲಟ್ ಬೇರಿಂಗು ಇರುವ ಗಾಡಿಯಲ್ಲಿ ಅದನ್ನು ನೋಡಬೇಕು.

ಪೆಡಲು ಏನೇ ಮಾಡಿದರೂ ಸದ್ದು ಕೊಂಚವೂ ಬದಲಾಗದಿದ್ದರೆ? ಆಗ ಕ್ಲಚ್ಚನ್ನು ದೂರಬೇಡಿರಿ. ಎಂಜಿನಿನ ಬೆಲ್ಟು, ಡೈನಮೋ, ನೀರಿನ ಪಂಪು, ಸೈಲೆನ್ಸರಿನ ಹಿಡಿ ಇವುಗಳನ್ನು ನೋಡಿಸಿರಿ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಪದ್ಧತಿಯ ಗಾಡಿಗಳಲ್ಲಿ ಪೆಡಲು ಬಿಟ್ಟಾಗ ಬೇರಿಂಗು ಬೆರಳುಗಳಿಂದ ಸ್ವಲ್ಪ ದೂರ ನಿಲ್ಲುತ್ತದೆ. ಪೆಡಲಿನಲ್ಲಿ ಮೊದಲಿಗೆ ಭಾರವಿಲ್ಲದ ಆಟ ಸಿಗುತ್ತದೆ. ಹೊಸ ಪದ್ಧತಿಯ ಅನೇಕ ಗಾಡಿಗಳಲ್ಲಿ ಬೇರಿಂಗು ಸದಾ ಬೆರಳುಗಳಿಗೆ ತಾಗಿಯೇ ಇದ್ದು ಯಾವಾಗಲೂ ಹಗುರಾಗಿ ತಿರುಗುತ್ತಿರುತ್ತದೆ. ಅಂಥ ಗಾಡಿಯಲ್ಲಿ ಕಾಲು ಬಿಟ್ಟಾಗಲೂ ರಿಲೀಸ್ ಬೇರಿಂಗು ಸದ್ದು ಮಾಡಬಹುದು. ಆಗ ನೆನಪಿಡಬೇಕಾದುದು ಇಷ್ಟು: ಕಾಲು ಮುಟ್ಟಿಸಿದೊಡನೆ ಬದಲಾಗುವ ಸದ್ದು ರಿಲೀಸ್ ಬೇರಿಂಗಿನ ಕಡೆಯದು, ಪೂರ್ತಿ ಒತ್ತಿದ ಮೇಲೆ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಕಡೆಯದು.

ಸದ್ದಲ್ಲದ ಲಕ್ಷಣಗಳನ್ನೂ ಇದರೊಡನೆ ಬೆರೆಸಬಾರದು. ಎಂಜಿನು ಕೂಗಿದರೂ ಗಾಡಿ ಓಡದಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಲೇಟು ಜಾರುತ್ತಿದೆಯೆಂದು ಅರ್ಥ. ಗಾಡಿ ಎಬ್ಬಿಸುವಾಗ ಗಡಗಡ ನಡುಗಿದರೆ ಪ್ಲೇಟಿಗೆ ಎಣ್ಣೆ ತಾಗಿರಬಹುದು ಅಥವಾ ಎಂಜಿನಿನ ಮೌಂಟಿಂಗು ಸಡಿಲಾಗಿರಬಹುದು. ಪೆಡಲು ಪೂರ್ತಿ ಒತ್ತಿದರೂ ರಿವರ್ಸ್ ಗೇರು ಕರಕರ ಎನ್ನುತ್ತ ಬಿದ್ದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಕೇಬಲ್ಲಿನ ಹೊಂದಿಕೆ ಅಥವಾ ಎಣ್ಣೆಯ ಸೋರಿಕೆಯನ್ನು ಮೊದಲು ನೋಡಬೇಕು. ಇವು ಯಾವುವೂ ಬರಿಯ ರಿಲೀಸ್ ಬೇರಿಂಗು ಬದಲಿಸಿದ್ದರಿಂದ ಹೋಗುವ ರೋಗಗಳಲ್ಲ.

ಮಿಸ್ತ್ರಿಗೆ ಹೇಗೆ ಹೇಳಬೇಕು?

ಗ್ಯಾರೇಜಿಗೆ ಹೋಗಿ "ಕ್ಲಚ್ ಬದಲಿಸು" ಎನ್ನಬೇಡಿರಿ, ಕೇಳಿದ್ದನ್ನು ಹೇಳಿರಿ. ಇಲ್ಲಿಯ ಮಿಸ್ತ್ರಿಗಳು ಮರಾಠಿಯವರಾದ್ದರಿಂದ ಹೊಸದಾಗಿ ಬಂದ ನಮ್ಮವರಿಗೆ ಮಾತು ತಡೆಯುತ್ತದೆ. ಮೂರು ವಾಕ್ಯ ಬಾಯಿಪಾಠವಿದ್ದರೆ ಸಾಕು. "ಪೆಡಲ್ ದಾಬಲ್ಯಾವರ ಆವಾಜ ಯೇತೋ, ಸೋಡಲ್ಯಾವರ ಬಂದ ಹೋತೋ" ಎಂದರೆ ಒತ್ತಿದಾಗ ಸದ್ದು ಬರುತ್ತದೆ, ಬಿಟ್ಟಾಗ ನಿಲ್ಲುತ್ತದೆ ಎಂದರ್ಥ. "ಪೆಡಲ್ ದಾಬಲ್ಯಾವರ ಆವಾಜ ಬಂದ ಹೋತೋ" ಎಂದರೆ ಒತ್ತಿದಾಗ ಸದ್ದು ನಿಲ್ಲುತ್ತದೆ ಎಂದು. ಮೂರನೆಯದು, "ಜುನೇ ಪಾರ್ಟ ಮಲಾ ದಾಖವಾ", ಹಳೆಯ ಸಾಮಾನುಗಳನ್ನು ನನಗೆ ತೋರಿಸಿರಿ ಎಂದು. ಮೊದಲ ವಾಕ್ಯಕ್ಕೂ ಎರಡನೆಯದಕ್ಕೂ ಎರಡು ಶಬ್ದಗಳ ಅಂತರ. ಆದರೆ ಒಂದು ಕ್ಲಚ್ಚಿನ ದಾರಿ ತೋರಿಸಿದರೆ ಇನ್ನೊಂದು ಗೇರ್‌ಬಾಕ್ಸಿನ ದಾರಿ ತೋರಿಸುತ್ತದೆ. ಒಳ್ಳೆಯ ಮಿಸ್ತ್ರಿ ಇದನ್ನು ಕೇಳಿದೊಡನೆ ತಾನೇ ಕೂತು ಪೆಡಲು ಒತ್ತಿ ನೋಡುತ್ತಾನೆ. ನೋಡದೆಯೇ ಸ್ಪಾನರು ಎತ್ತುವವನಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ವಿವೇಕ.

ಎಷ್ಟು ದಿನ ಓಡಿಸಬಹುದು?

ರಿಲೀಸ್ ಬೇರಿಂಗು ಗುರುಗುಟ್ಟಿದ ದಿನವೇ ಗಾಡಿ ನಿಂತುಬಿಡುತ್ತದೆಂದಲ್ಲ. ಆದರೆ ಅದು ಗುಣವಾಗುವ ರೋಗವೂ ಅಲ್ಲ. ಒಳಗಿನ ಗ್ರೀಸು ಒಣಗಿ, ಗುಂಡುಗಳ ದಾರಿ ಕಿತ್ತು, ಕೊನೆಗೆ ಬೇರಿಂಗು ಬಿಗಿದುಕೊಳ್ಳುತ್ತದೆ. ಬಿಗಿದ ಬೇರಿಂಗು ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಅರೆಯುತ್ತದೆ. ಆಗ ಬೇರಿಂಗಿನ ಜೊತೆ ಪ್ರೆಶರ್ ಪ್ಲೇಟಿನ ಖರ್ಚೂ ಸೇರಿತು. ಅದು ಒಡೆದರೆ ಕ್ಲಚ್ಚು ಬಿಡುವುದೇ ಇಲ್ಲ, ಗೇರು ಬದಲಾಗುವುದಿಲ್ಲ.

ಇದು ಎಲ್ಲಿ ಆಗುತ್ತದೆಂಬುದು ಮುಖ್ಯ. ಊರಿಗೆ ಹೋಗುವ ನಮ್ಮ ದಾರಿಯನ್ನೇ ನೋಡಿರಿ. 52ನೆಯ ರಾಷ್ಟ್ರೀಯ ಹೆದ್ದಾರಿ ಧುಳೆಯ ಕಡೆಯಿಂದ ಬಂದು, ಔಟ್ರಾಮ್ ಘಾಟ್ ಹತ್ತಿ, ನಮ್ಮ ಭಾಷೆಯ ಹೆಸರನ್ನೇ ಹೊತ್ತ ಕನ್ನಡ ಎಂಬ ಊರನ್ನು ದಾಟಿ, ಛತ್ರಪತಿ ಸಂಭಾಜಿನಗರ, ಬೀಡ, ಧಾರಾಶಿವ, ಸೊಲ್ಲಾಪುರಗಳ ಮೇಲೆ ವಿಜಯಪುರ, ಹುಬ್ಬಳ್ಳಿಗಳಿಗೆ ಹೋಗಿ ಅಂಕೋಲೆಯಲ್ಲಿ ಮುಗಿಯುತ್ತದೆ. ಇಷ್ಟು ಉದ್ದದ ದಾರಿಯಲ್ಲಿ, ರಾತ್ರಿ ಹೊತ್ತು, ಹೆಂಡತಿ ಮಕ್ಕಳು ಗಾಡಿಯಲ್ಲಿರುವಾಗ, ಏರಿನಲ್ಲಿ ಗೇರು ಬದಲಾಗದೆ ನಿಲ್ಲುವುದು ಸಣ್ಣ ಸಂಕಟವಲ್ಲ. ಊರಿನೊಳಗೆ ಸದ್ದು ಕೇಳಿಸಿದರೆ ವಾರದೊಳಗೆ ತೋರಿಸಿರಿ. ದೂರದ ಪಯಣ ಇದ್ದರೆ ಹೊರಡುವ ಮೊದಲೇ ತೋರಿಸಿರಿ. ಪೆಡಲು ಏಕಾಏಕಿ ತಳಕ್ಕೆ ಕುಸಿದರೆ, ಅಥವಾ ಸದ್ದಿನ ಜೊತೆ ಪೆಡಲು ಕಾಲಿಗೆ ನಡುಕ ಕೊಡುತ್ತಿದ್ದರೆ, ಆ ಗಾಡಿಯನ್ನು ಓಡಿಸಲೇಬೇಡಿರಿ.

ಬೇರಿಂಗನ್ನು ಆರಿಸುವುದು

ರಿಲೀಸ್ ಬೇರಿಂಗಿನ ಬೆಲೆ, ಅದನ್ನು ಹಾಕಲು ಗೇರ್‌ಬಾಕ್ಸು ಇಳಿಸಿ ಏರಿಸುವ ಕೂಲಿಗಿಂತ ಸಾಮಾನ್ಯವಾಗಿ ಕಡಿಮೆ. ಆದುದರಿಂದ ಬೇರಿಂಗಿನಲ್ಲಿ ಉಳಿಸಿದ ಹಣ ಉಳಿತಾಯವಲ್ಲ. ಅಗ್ಗದ ಬೇರಿಂಗು ಆರು ತಿಂಗಳಿಗೆ ಮತ್ತೆ ಕೂಗಿದರೆ ಕೂಲಿಯನ್ನು ಎರಡು ಸಲ ಕೊಟ್ಟಂತಾಯಿತು.

ಅಂಗಡಿಗೆ ಹೋಗುವಾಗ ಗಾಡಿಯ ಹೆಸರು ಮಾತ್ರ ಹೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಎಂಜಿನು, ಬೇರೆ ಅಳತೆಯ ಕ್ಲಚ್ಚು ಬಂದಿರುತ್ತದೆ. ತಯಾರಾದ ವರ್ಷ, ಎಂಜಿನಿನ ಬಗೆ, ಚಾಸಿಸ್ ನಂಬರು ಬರೆದುಕೊಂಡು ಹೋಗಿರಿ. ಹಳೆಯ ಬೇರಿಂಗು ಹೊರಗೆ ಬಂದಿದ್ದರೆ ಅದನ್ನೂ ಒಯ್ದು, ಬಳೆಯ ಮೇಲೆ ಕೊರೆದ ನಂಬರು ತಾಳೆ ನೋಡಿರಿ. ನಂಬರು ಅಳಿಸಿದ್ದರೆ ಒಳರಂಧ್ರ, ಎತ್ತರ, ಬೆರಳುಗಳನ್ನು ಒತ್ತುವ ಮುಖದ ಅಗಲ ಈ ಮೂರನ್ನು ಅಳೆದು ಹೋಲಿಸಬೇಕು.

ಮುಖದ ಆಕಾರವನ್ನು ಅನೇಕರು ಗಮನಿಸುವುದಿಲ್ಲ. ಪ್ರೆಶರ್ ಪ್ಲೇಟಿನ ಬೆರಳುಗಳ ತುದಿ ಬಾಗಿದ್ದರೆ ಚಪ್ಪಟೆ ಮುಖದ ಬೇರಿಂಗು ಬೇಕು. ಬೆರಳುಗಳು ನೇರವಾಗಿದ್ದರೆ ದುಂಡನೆಯ ಮುಖದ್ದು ಬೇಕು. ಅದಲುಬದಲಾದರೆ ಅಳತೆಯೆಲ್ಲ ಕೂಡಿದ್ದರೂ ಬೇರಿಂಗಿನ ಅಂಚು ಬೆರಳನ್ನು ಕೊರೆಯುತ್ತದೆ. ದೊಡ್ಡ ಲಾರಿಗಳಲ್ಲಿ ಬೆರಳುಗಳನ್ನು ಒತ್ತುವ ಬದಲು ಎಳೆಯುವ ಕ್ಲಚ್ಚುಗಳಿವೆ. ಅವುಗಳ ಬೇರಿಂಗೇ ಬೇರೆ. ಇನ್ನು ಕೆಲವು ಹೊಸ ಗಾಡಿಗಳಲ್ಲಿ ಫೋರ್ಕು ಇರುವುದೇ ಇಲ್ಲ. ಎಣ್ಣೆಯ ಸಿಲಿಂಡರೇ ಶಾಫ್ಟಿನ ಸುತ್ತ ಕೂತು ತನ್ನ ಮೂತಿಯಲ್ಲಿ ಬೇರಿಂಗನ್ನು ಹೊತ್ತಿರುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಹೊಸ ಬೇರಿಂಗನ್ನು ಕೈಯಲ್ಲಿ ಹಿಡಿದು, ಮುಖದ ಮೇಲೆ ಅಂಗೈಯಿಂದ ಸ್ವಲ್ಪ ಒತ್ತಿ ತಿರುಗಿಸಿರಿ. ನುಣ್ಣಗೆ, ಒಂದೇ ಸಮನಾಗಿ, ಗ್ರೀಸಿನ ಸಣ್ಣ ತಡೆಯೊಡನೆ ತಿರುಗಬೇಕು. ಎಲ್ಲಿಯಾದರೂ ಸಿಕ್ಕಿಕೊಂಡರೆ ಬೇಡ. ಗಿರ್ರನೆ ಸದ್ದು ಮಾಡಿ ತಿರುಗಿದರೆ ಒಳಗೆ ಗ್ರೀಸಿಲ್ಲ, ಅದೂ ಬೇಡ. ಇಂದಿನ ರಿಲೀಸ್ ಬೇರಿಂಗುಗಳು ಆಯುಷ್ಯಕ್ಕಾಗುವಷ್ಟು ಗ್ರೀಸು ತುಂಬಿ ಮುಚ್ಚಿದಂಥವು. ಅವನ್ನು ಸೀಮೆಎಣ್ಣೆ, ಡೀಸೆಲ್, ಪೆಟ್ರೋಲುಗಳಲ್ಲಿ ತೊಳೆಯಕೂಡದು. ತೊಳೆದರೆ ಗ್ರೀಸು ಕರಗಿ ಹೊಸ ಬೇರಿಂಗು ಹಾಕುವ ಮೊದಲೇ ಹಳೆಯದಾಗುತ್ತದೆ.

ನಕಲಿ ಮಾಲಿನ ಬಗ್ಗೆ ಎಚ್ಚರ ಬೇಕು. ಹೆಸರಾಂತ ಕಂಪನಿಯ ಡಬ್ಬಿಯಂಥದೇ ಡಬ್ಬಿ ಮಾಡಿ ಕಳಪೆ ಬೇರಿಂಗು ತುಂಬುವವರಿದ್ದಾರೆ. ಡಬ್ಬಿಯ ಮೇಲಿನ ನಂಬರೂ ಬೇರಿಂಗಿನ ಮೇಲಿನ ನಂಬರೂ ಒಂದೇ ಆಗಿದೆಯೇ, ಅಕ್ಷರಗಳು ಸ್ವಚ್ಛವಾಗಿವೆಯೇ ನೋಡಿರಿ. ಎಸ್.ಕೆ.ಎಫ್., ಷೆಫ್ಲರ್ ಮೊದಲಾದ ತಯಾರಕರು ಮೊಬೈಲಿನಿಂದ ಮಾಲಿನ ಸಾಚಾತನ ಪರೀಕ್ಷಿಸುವ ವ್ಯವಸ್ಥೆ ಮಾಡಿದ್ದಾರೆ. ಎಲ್ಲಕ್ಕಿಂತ ಮುಖ್ಯ, ಜಿ.ಎಸ್.ಟಿ. ನಂಬರಿರುವ ಪಕ್ಕಾ ಬಿಲ್ಲು ಪಡೆಯಿರಿ. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಟ್ಟ ಮಾಲಿಗೆ ನಾಳೆ ಯಾರೂ ಹೊಣೆಯಲ್ಲ.

ಬೇರಿಂಗು ಒಂದನ್ನೇ ಹಾಕಬೇಕೋ, ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಸೇರಿದ ಪೂರ್ತಿ ಸೆಟ್ ಹಾಕಬೇಕೋ ಎಂಬುದು ಸಹಜವಾದ ಪ್ರಶ್ನೆ. ಬಿಚ್ಚಿದ ಮೇಲೆ ಪ್ಲೇಟಿನ ದಪ್ಪವನ್ನು ನೋಡಿ ಇದನ್ನು ತೀರ್ಮಾನಿಸಿರಿ. ಲೈನಿಂಗು ರಿವೆಟ್ಟಿನ ಹತ್ತಿರಕ್ಕೆ ಸವೆದಿದ್ದರೆ, ಇಲ್ಲವೆ ಬೆರಳುಗಳ ತುದಿಯಲ್ಲಿ ಆಳವಾದ ಗೆರೆ ಬಿದ್ದಿದ್ದರೆ ಪೂರ್ತಿ ಸೆಟ್ಟೇ ಲಾಭ; ಕೂಲಿ ಅಷ್ಟೇ ಆಗುತ್ತದೆ. ಪ್ಲೇಟು ಹೊಸದರಂತೆಯೇ ಇದ್ದರೆ ಬೇರಿಂಗು ಒಂದೇ ಸಾಕು. ಆದರೆ ಪ್ಲೇಟು ಬದಲಿಸುತ್ತ ಹಳೆಯ ಬೇರಿಂಗನ್ನು ಉಳಿಸುವುದು ಎಂದಿಗೂ ಜಾಣತನವಲ್ಲ. ಪೈಲಟ್ ಬೇರಿಂಗು ಇರುವ ಗಾಡಿಯಾದರೆ ಅದನ್ನೂ ಅದೇ ಹೊತ್ತಿಗೆ ಬದಲಿಸಿರಿ.

ಜೋಡಿಸುವಾಗ ಕೇಳಬೇಕಾದುದು

ಬೇರಿಂಗು ಜಾರುವ ಗೈಡ್ ಕೊಳವೆಯಲ್ಲಿ ಗೆರೆ ಬಿದ್ದಿದೆಯೇ, ಫೋರ್ಕಿನ ತುದಿ ಸವೆದಿದೆಯೇ ಎಂದು ಕೇಳಿರಿ. ಕೊಳವೆ ಸವೆದಿದ್ದರೆ ಹೊಸ ಬೇರಿಂಗೂ ಓರೆಯಾಗಿ ನಡೆದು ಬೇಗ ಕೆಡುತ್ತದೆ. ಗ್ರೀಸನ್ನು ಗಾಡಿಯ ಪುಸ್ತಕ ಹೇಳಿದಲ್ಲಿ ಮಾತ್ರ, ತೆಳ್ಳಗೆ ಸವರಬೇಕು. ಹೆಚ್ಚಾದರೆ ಹಾರಿ ಪ್ಲೇಟಿಗೆ ಅಂಟುತ್ತದೆ. ಪ್ಲಾಸ್ಟಿಕ್ ತೋಳಿನ ಬೇರಿಂಗುಗಳಲ್ಲಿ ಕೆಲವನ್ನು ಒಣ ಕೊಳವೆಯ ಮೇಲೆಯೇ ಹಾಕಬೇಕಾಗುತ್ತದೆ. ಎಂಜಿನಿನ ಹಿಂದಿನ ಆಯಿಲ್ ಸೀಲು ಸೋರುತ್ತಿದ್ದರೆ ಈಗಲೇ ಬದಲಿಸಬೇಕು. ಗೇರ್‌ಬಾಕ್ಸಿನ ಭಾರವನ್ನು ಪ್ಲೇಟಿನ ಮೇಲೆ ತೂಗಬಿಡಬಾರದು, ಪ್ಲೇಟು ಸೊಟ್ಟಾಗುತ್ತದೆ.

ಗ್ಯಾರೇಜಿನಲ್ಲಿ ದುಡಿಯುವ ನಮ್ಮ ಹುಡುಗರಿಗೆ ಒಂದು ಮಾತು. ಹಳೆಯ ಕ್ಲಚ್ ಲೈನಿಂಗುಗಳಲ್ಲಿ ಅಸ್ಬೆಸ್ಟಾಸ್ ಇರುವುದುಂಟು. ಅದರ ಧೂಳು ಪುಪ್ಪುಸಕ್ಕೆ ವಿಷ. ಕ್ಲಚ್ಚಿನ ಧೂಳನ್ನು ಗಾಳಿಯ ಪೈಪಿನಿಂದ ಊದಬೇಡಿರಿ. ಒದ್ದೆ ಬಟ್ಟೆಯಿಂದ ಒರೆಸಿರಿ.

ಮೋಟಾರು ಸೈಕಲ್ಲಿನವರಿಗೂ ಆಟೋದವರಿಗೂ

ಮೋಟಾರು ಸೈಕಲ್ಲು ಮತ್ತು ಆಟೋರಿಕ್ಷಾಗಳ ಕ್ಲಚ್ಚು ಸಾಮಾನ್ಯವಾಗಿ ಎಣ್ಣೆಯಲ್ಲಿ ಮುಳುಗಿದ ಹಲವು ಪ್ಲೇಟುಗಳದ್ದು. ಅಲ್ಲಿಯೂ ಒಂದು ಸಣ್ಣ ರಿಲೀಸ್ ಬೇರಿಂಗಿದ್ದರೂ ಎಣ್ಣೆಯಲ್ಲಿರುವುದರಿಂದ ಕಡಿಮೆ ಕೆಡುತ್ತದೆ. ನ್ಯೂಟ್ರಲಿನಲ್ಲಿ ಸ್ವಲ್ಪ ಕಟಕಟ ಸದ್ದಿದ್ದು ಲೀವರು ಹಿಡಿದಾಗ ಕಡಿಮೆಯಾದರೆ ಅದು ಕ್ಲಚ್ ಬಟ್ಟಲಿನ ಸಡಿಲ, ಸ್ವಲ್ಪಮಟ್ಟಿಗೆ ಸಹಜವೇ. ಸದ್ದು ದಿನೇ ದಿನೇ ಹೆಚ್ಚಿದರೆ ತೋರಿಸಿರಿ. ಕೇಬಲ್ಲಿನ ಆಟವನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಇಟ್ಟುಕೊಳ್ಳಿರಿ. ಮೋಟಾರು ಸೈಕಲ್ಲಿಗೆ ಕಾರಿನ ಎಣ್ಣೆ ಹಾಕಿದರೆ ಪ್ಲೇಟು ಜಾರಬಹುದು. ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂಬ ಗುರುತು ನೋಡಿ ಕೊಳ್ಳಿರಿ.

ತಪ್ಪು ಯಾರದು?

ಸಂಬಳದ ಚಾಲಕರು ಈ ಭಾಗವನ್ನು ಗಮನವಿಟ್ಟು ಓದಬೇಕು. ಕ್ಲಚ್ಚು ಬಿಚ್ಚಿದಾಗ ಹಳೆಯ ಸಾಮಾನುಗಳನ್ನು ಮಾಲಿಕರ ಜೊತೆ ನಿಂತು ನೋಡಿರಿ. ಅವೇ ಸಾಕ್ಷಿ ಹೇಳುತ್ತವೆ. ಲೈನಿಂಗು ಸುತ್ತಲೂ ಸಮನಾಗಿ ಸವೆದಿದ್ದರೆ ಅದು ಆಯುಷ್ಯ ಮುಗಿದ ಸವೆತ. ಪ್ಲೇಟಿಗೆ ಎಣ್ಣೆ ನೆಂದಿದ್ದರೆ ಸೀಲು ಸೋರಿದ್ದು, ಚಾಲಕನ ತಪ್ಪಲ್ಲ. ಬೆರಳುಗಳ ಮೇಲೆ ಬೇರಿಂಗು ಮಾಡಿದ ಗುರುತು ನಡುವಿನಿಂದ ಒಂದು ಪಕ್ಕಕ್ಕೆ ಸರಿದಿದ್ದರೆ ಜೋಡಣೆ ಅಥವಾ ಗೈಡ್ ಕೊಳವೆಯ ದೋಷ; ಅದೂ ಚಾಲಕನದಲ್ಲ. ಫ್ಲೈವೀಲು ನೀಲಿಗಟ್ಟಿ, ಲೈನಿಂಗು ಸುಟ್ಟು ಗಾಜಿನಂತಾಗಿದ್ದರೆ ಕ್ಲಚ್ಚು ಬಹಳ ಜಾರಿದೆ. ಆಗಲೂ ಕೇಬಲ್ಲಿನ ಆಟ ಸರಿಯಿತ್ತೇ, ಗಾಡಿಗೆ ಮಿತಿಮೀರಿ ಹೊರೆ ಹೇರಿದ್ದರೇ ಎಂದು ಕೇಳಿದ ಮೇಲೆ ಮಾತ್ರ ಚಾಲಕನ ಕಾಲನ್ನು ದೂರಬೇಕು. ಪ್ಲೇಟು ಸವೆದಂತೆ ಹಳೆಯ ಪದ್ಧತಿಯ ಗಾಡಿಗಳಲ್ಲಿ ಪೆಡಲಿನ ಆಟ ತಾನಾಗಿಯೇ ಕಡಿಮೆಯಾಗುತ್ತದೆ. ಅದನ್ನು ಕಾಲಕಾಲಕ್ಕೆ ಹೊಂದಿಸದಿದ್ದರೆ ಬೇರಿಂಗು ಸದಾ ಒತ್ತಿಕೊಂಡು, ಯಾರು ಎಷ್ಟು ಜೋಪಾನವಾಗಿ ಓಡಿಸಿದರೂ ಕ್ಲಚ್ಚು ಜಾರುತ್ತದೆ.

ಅದೇ ಹೊತ್ತಿಗೆ ನಮ್ಮ ಕಾಲಿನ ಅಭ್ಯಾಸವನ್ನೂ ತಿದ್ದಿಕೊಳ್ಳುವುದು ಒಳ್ಳೆಯದು. ಓಡುವಾಗ ಕಾಲನ್ನು ಪೆಡಲಿನ ಮೇಲೆ ಇಟ್ಟುಕೊಳ್ಳಬಾರದು. ಏರಿನಲ್ಲಿ ಅರ್ಧ ಕ್ಲಚ್ಚಿನ ಮೇಲೆ ಗಾಡಿ ನಿಲ್ಲಿಸಬಾರದು. ಬ್ರೇಕು ಇರುವುದೇ ಅದಕ್ಕೆ. ಸಿಗ್ನಲಿನಲ್ಲಿ ಗೇರು ನ್ಯೂಟ್ರಲಿಗೆ ತಂದು ಕಾಲು ತೆಗೆಯಬೇಕು.

ಗಾಡಿಯ ಕಾಗದಗಳ ಜೊತೆ ಒಂದು ಚ‌ೀಟಿ ಇಟ್ಟುಕೊಳ್ಳಿರಿ. ಕ್ಲಚ್ಚು ಬದಲಿಸಿದ ತಾರೀಖು, ಆಗಿನ ಕಿಲೋಮೀಟರು, ಬೇರಿಂಗಿನ ನಂಬರು, ಅಂಗಡಿಯ ಹೆಸರು, ಕೊಟ್ಟ ಹಣ ಇವನ್ನು ಬರೆದು ಬಿಲ್ಲನ್ನು ಅದಕ್ಕೇ ಪಿನ್ನು ಹಾಕಿರಿ. ಮುಂದೊಂದು ದಿನ ಸದ್ದು ಕೇಳಿಸಿದಾಗ ಮಿಸ್ತ್ರಿಯ ಮುಂದೆಯಾಗಲಿ, ಮಾಲಿಕರ ಮುಂದೆಯಾಗಲಿ ಆ ಚೀಟಿ ನಿಮ್ಮ ಪರವಾಗಿ ಮಾತಾಡುತ್ತದೆ.